ಎರಡು ಗಂಟೆಯ ಸೈರನ್

ಬೆಲ್ಲದ ಪಾಕ ಸೀದು ತಳ ಹಿಡಿಯಿತು. ವಿನೋಬನಗರದ ನಮ್ಮ ಮೆಸ್ಸಿನಲ್ಲಿ ಶುಕ್ರವಾರ ಪಾಯಸ ಇರಲೇಬೇಕು, ಇಲ್ಲದಿದ್ದರೆ ಊಟಕ್ಕೆ ಬರುವವರು ಮುಖ ಗಂಟು ಹಾಕಿಕೊಳ್ಳುತ್ತಾರೆ. ಅರ್ಧ ಆಯುಷ್ಯ ಒಲೆಯ ಮುಂದೆ ಕಳೆದವಳು ನಾನು, ಪಾಕ ಸೀಯಿಸುವವಳಲ್ಲ. ಆದರೆ ಅದೇ ಹೊತ್ತಿಗೆ ನಮ್ಮವರು ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ಬಂದು, "ದಿವಾಕರ್ ಸಾರ್ ಭಾಷಣ ಅಂತೆ ಕಣೇ, ನಾಡಿದ್ದು ಇಲ್ಲೇ ಕೋಟೆ ರಸ್ತೆ ಹತ್ರ. ಶೆಡ್ಡಿನ ಮೊದಲನೇ ಬ್ಯಾಚಿನವರೆಲ್ಲ ಬರ್ಲೇಬೇಕು ಅಂತ ಹೇಳಿ ಕಳ್ಸಿದಾರೆ" ಎಂದರು. ಹೆಸರು ಕಿವಿಗೆ ಬಿತ್ತು, ಸೌಟು ಕೈಯಲ್ಲೇ ಉಳಿಯಿತು. ಆಮೇಲೆ ಮೂಗಿಗೆ ಆ ವಾಸನೆ ಬಡಿಯಿತು.

ಸುಟ್ಟ ಬೆಲ್ಲ ಅಂದರೆ ಬೇರೆಯವರಿಗೆ ಅಡುಗೆ ಕೆಟ್ಟ ವಾಸನೆ. ಭದ್ರಾವತಿಯ ಎರಕದ ಶೆಡ್ಡಿನಲ್ಲಿ ಬಾಳಿದ ನಮಗೆ ಅದು ಕೆಲಸದ ವಾಸನೆ. ಅಚ್ಚಿನ ಮರಳು ಕಚ್ಚಿಕೊಂಡು ನಿಲ್ಲಲಿ ಅಂತ ಅದಕ್ಕೆ ಕಾಕಂಬಿ ಕಲಸುತ್ತಿದ್ದರು, ಸಕ್ಕರೆ ಕಾರ್ಖಾನೆಯಿಂದ ಬರುವ ಆ ಕಪ್ಪು ಪಾಕ. ಕರಗಿದ ಕಬ್ಬಿಣ ಸುರಿದಾಗ ಅದು ಸುಟ್ಟು ಇಡೀ ಕೇರಿಗೆ ವಾಸನೆ ಹರಡುತ್ತಿತ್ತು. ಅಲ್ಲಿ ನಾನು ಕ್ಯಾಂಟೀನ್ ನಡೆಸುತ್ತಿದ್ದೆ. ನಮ್ಮವರು ಚಂದ್ರಪ್ಪ ಅಚ್ಚು ಕಟ್ಟುವ ಮೋಲ್ಡರ್. ಪಾತ್ರೆಗೆ ನೀರು ಸುರಿದು ಹಿತ್ತಲಿಗೆ ಬಂದು ಕೂತೆ. ಆ ಮಳೆಗಾಲ ಪೂರ್ತಿ ಕಣ್ಣ ಮುಂದೆ ಬಂದುಬಿಟ್ಟಿತು.

ಆ ವರ್ಷ ಮುಂಗಾರು ಕಾಲೂರುವ ಮೊದಲೇ ಕಾರ್ಖಾನೆಯ ಮಾಲೀಕರು ಗೇಟಿಗೆ ಬೀಗ ಜಡಿದರು. ಊರಂಚಿನ ಸಣ್ಣ ಕಾರ್ಖಾನೆ ನಮ್ಮದು, ಊರಿನ ದೊಡ್ಡ ಲೆಕ್ಕದಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಆದರೆ ನಮ್ಮ ಕೇರಿಗೆ ಅದರ ಸೈರನ್ನೇ ಗಡಿಯಾರ. ಬೆಳಿಗ್ಗೆ ಆರಕ್ಕೆ ಕೂಗಿದರೆ ಹಾಲು ಒಲೆಗೆ, ಮಧ್ಯಾಹ್ನ ಎರಡಕ್ಕೆ ಕೂಗಿದರೆ ಬುತ್ತಿ ಕೈಗೆ. ಅದು ನಿಂತ ಮೇಲೆ ಹೆಂಗಸರು ಹೊತ್ತು ತಿಳಿಯದೆ ಅನ್ನಕ್ಕಿಡುತ್ತಿದ್ದರು, ಗಂಡಸರು ಹೊತ್ತು ಹೋಗದೆ ಸೇತುವೆಯ ಮೇಲೆ ನಿಂತು ಭದ್ರಾ ಹೊಳೆಯ ಕೆಂಪು ನೀರು ನೋಡುತ್ತಿದ್ದರು. ಒಬ್ಬೊಬ್ಬರೇ ಊರು ಬಿಡಲು ಶುರು ಮಾಡಿದರು.

ನಮ್ಮ ಪಕ್ಕದ ಮನೆಯಲ್ಲಿದ್ದವನು ಕಬ್ಬಿಣ ಕರಗಿಸುವ ಫರ್ನೆಸ್ ನೋಡಿಕೊಳ್ಳುವ ಪಳನಿಯಣ್ಣ. ಅವನ ಅಪ್ಪ ಸೇಲಂ ಕಡೆಯಿಂದ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ, ರಾತ್ರಿಯ ಊಟ ನಮ್ಮ ಮನೆಯಲ್ಲೇ. ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಪಾಳಿ ಶುರುವಾಗುವಾಗ ಫರ್ನೆಸ್ಸಿನವನು ಒಳಗೆ ಇಣುಕಿ ನೋಡಿ, ಎಲ್ಲರಿಗೂ ಕೇಳುವ ಹಾಗೆ "ಕಾದಿದೆ!" ಅಂತಲೋ "ತಣ್ಣಗಿದೆ!" ಅಂತಲೋ ಕೂಗಬೇಕು. ಕೂಗಿದ ಕೂಡಲೇ ಶೆಡ್ಡಿನಲ್ಲಿದ್ದವರೆಲ್ಲ "ಕೇಳ್ತು!" ಅನ್ನಬೇಕು. ಮಾತು ಬಿಟ್ಟವರೂ ಅನ್ನಬೇಕು, ಮುನಿಸಿಕೊಂಡವರೂ ಅನ್ನಬೇಕು. ಉತ್ತರ ಬರದೆ ಪಳನಿಯಣ್ಣ ಒಂದು ಸಲಾಕೆ ಅಲುಗಾಡಿಸಲು ಬಿಡುತ್ತಿರಲಿಲ್ಲ. "ಗಿರಿಜಾಮ್ಮಾ, ಹೊರಗಡೆ ಏನಾದ್ರೂ ಹೇಳ್ಕೊ. ಇಲ್ಲಿ ಸುಳ್ಳು ನಡೆಯಲ್ಲ. ಸುಳ್ಳು ಹೇಳಿದ್ರೆ ಕಾಲು ಇರಲ್ಲ" ಅನ್ನುತ್ತಿದ್ದ.

ಇನ್ನು ದಿವಾಕರ್ ಸಾರ್. ಅದೇ ಕಾರ್ಖಾನೆಯಲ್ಲಿ ಶಿಫ್ಟ್ ಎಂಜಿನಿಯರ್ ಆಗಿದ್ದವರು, ಆಗಿನ್ನೂ ಹರೆಯದ ಮನುಷ್ಯ. ಎಲ್ಲರೂ ಬೇರೆ ಕಡೆ ಅರ್ಜಿ ಹಾಕುತ್ತಿದ್ದಾಗ ಅವರೊಬ್ಬರು ಮಾಲೀಕರ ಬೆನ್ನು ಹತ್ತಿ ಶೆಡ್ಡನ್ನು ಬಾಡಿಗೆಗೆ ಪಡೆದುಕೊಂಡರು. ಮೂವತ್ತು ಜನ ಸೇರಿ ನಾವೇ ನಡೆಸೋಣ ಅಂತ ಅವರ ಕನಸು. ಮಳೆಯಲ್ಲಿ ನೆನೆದುಕೊಂಡು ಸ್ಕೂಟರಿನಲ್ಲಿ ಮನೆ ಮನೆ ಸುತ್ತಿದರು. ನಮ್ಮ ಮನೆಗೆ ಬಂದವರು ನೆಲದ ಮೇಲೇ ಕೂತು, "ಗಿರಿಜಕ್ಕ, ಒಂದು ಲೋಟ ಕಾಫಿ ಕೊಡಿ. ನಿಮ್ಮ ಯಜಮಾನ್ರನ್ನ ಕದಿಯೋಕೆ ಬಂದಿದೀನಿ" ಅಂದರು. ಬೈಯಬೇಕು ಅಂದುಕೊಂಡಿದ್ದವಳು ನಕ್ಕುಬಿಟ್ಟೆ. ಆ ಮನುಷ್ಯನ ನಾಲಿಗೆಯಲ್ಲಿ ಏನಿತ್ತೋ, ನಾನಂತೂ ಈವರೆಗೆ ಅಂಥ ಮಾತುಗಾರನನ್ನು ಕಂಡಿಲ್ಲ.

ನಮ್ಮವರಿಗೆ ಹೊಸಪೇಟೆ ಕಡೆಯ ಒಂದು ದೊಡ್ಡ ಕಾರ್ಖಾನೆಯಿಂದ ಕರೆ ಬಂದಿತ್ತು. ಸೋಮವಾರ ಹೋಗಿ ಸೇರಬೇಕು. ಪೆಟ್ಟಿಗೆ ಕಟ್ಟಿಟ್ಟಿದ್ದೆ. ದಿವಾಕರ್ ಸಾರ್ ಆ ಪೆಟ್ಟಿಗೆಯನ್ನೊಮ್ಮೆ ನೋಡಿದರು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಮೆಲ್ಲಗೆ ಒರೆಸಿದರು. "ಚಂದ್ರಣ್ಣ, ಪುಣೆಯ ಟ್ರ್ಯಾಕ್ಟರ್ ಕಂಪನಿಯವರು ಸಹಿ ಹಾಕಿಬಿಟ್ಟಿದಾರೆ. ವರ್ಷಗಟ್ಟಲೆ ಕೆಲಸ ಇದೆ. ನೀವು ಹೋದ್ರೆ ನಿಮ್ಮ ಹಿಂದೆ ಎಲ್ಲಾರೂ ಹೋಗ್ತಾರೆ. ನೀವು ಉಳಿದ್ರೆ ಈ ಕೇರಿ ಉಳಿಯುತ್ತೆ" ಅಂದರು. ಇಷ್ಟು ಹೇಳಿಸಿಕೊಂಡ ಮೇಲೆ ಯಾವ ಗಂಡಸು ಹೊರಡುತ್ತಾನೆ? ಸೋಮವಾರದ ಬಸ್ಸು ಹೋಯಿತು, ನಮ್ಮವರು ಹೋಗಲಿಲ್ಲ. ಪೆಟ್ಟಿಗೆ ಬಿಚ್ಚಿದೆ.

ಪುಣೆಯವರು ಶೆಡ್ಡು ನೋಡಲು ಬರುವ ಹಿಂದಿನ ದಿನ ಸಂಜೆ ಎಲ್ಲರನ್ನೂ ನನ್ನ ಕ್ಯಾಂಟೀನಿನಲ್ಲಿ ಸೇರಿಸಿದರು. ಪಳನಿಯಣ್ಣ ಒಬ್ಬ ಇರಲಿಲ್ಲ. ತಂಗಿಯ ಮಗನ ಮದುವೆಗೆಂದು ಸೇಲಂಗೆ ಹೋಗಿದ್ದ. ದಿವಾಕರ್ ಸಾರ್ ಬೆಂಚಿನ ಮೇಲೆ ಕೂತು, ಹವಾಮಾನದ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದರು: "ಸಹಿ ಇನ್ನೂ ಆಗಿಲ್ಲ."

ಅವರು ಹೇಳಿದ್ದು ಅಷ್ಟೇ ಅಲ್ಲ. ಪುಣೆಯವರಿಗೂ ಒಂದು ಹೇಳಿದ್ದರು. ನಮ್ಮ ಫರ್ನೆಸ್ ಎರಡು ತಿಂಗಳಿಂದ ಉರಿಯುತ್ತಿದೆ, ದಿನಾ ಎರಕ ನಡೆಯುತ್ತಿದೆ ಅಂತ! ನಮಗೆ ಅವರ ಸುಳ್ಳು, ಅವರಿಗೆ ನಮ್ಮ ಸುಳ್ಳು. ಫರ್ನೆಸ್ಸಿಗೆ ಹಾಕಲು ಕಲ್ಲಿದ್ದಲಿನ ಒಂದು ಹರಳೂ ಶೆಡ್ಡಿನಲ್ಲಿರಲಿಲ್ಲ, ಕರೆಂಟೂ ಇರಲಿಲ್ಲ.

"ನಮ್ಮ ತಲೆ ಮೇಲೆ ಚಪ್ಪಡಿ ಎಳೆದ್ರಲ್ಲ ಸಾರ್!" ಅಂತ ನಮ್ಮವರು ಎದ್ದು ನಿಂತರು. ಜೀವಮಾನದಲ್ಲಿ ದನಿ ಎತ್ತದ ಮನುಷ್ಯ. "ಹೊಸಪೇಟೆ ಕೆಲಸ ಬಿಟ್ಟೆ ನಾನು. ನಿಮ್ಮ ಮಾತು ನಂಬಿ ಬಿಟ್ಟೆ."

"ಬೈಯಿರಿ ಚಂದ್ರಣ್ಣ, ಬೈಸ್ಕೊಳ್ಳೋದಕ್ಕೇ ಬಂದಿದೀನಿ" ಅಂದರು ದಿವಾಕರ್ ಸಾರ್. "ನಾಳೆ ಆಗೋದನ್ನ ಇವತ್ತೇ ಹೇಳಿದೆ. ಅಷ್ಟೇ ನನ್ನ ತಪ್ಪು. ಫರ್ನೆಸ್ ಉರಿಯದೆ ಅವ್ರು ಸಹಿ ಹಾಕಲ್ಲ, ಅವ್ರ ಸಹಿ ಇಲ್ದೆ ಬ್ಯಾಂಕಿನವರು ಫರ್ನೆಸ್ ಉರಿಸೋಕೆ ದುಡ್ಡು ಕೊಡಲ್ಲ. ಯಾರಾದ್ರೂ ಒಬ್ಬರು ಮೊದಲು ಸುಳ್ಳು ಹೇಳ್ಬೇಕಲ್ಲ ಮಾರಾಯ್ರೇ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದು ಸುಳ್ಳಲ್ಲಿ ಮೂವತ್ತು ಸಂಸಾರ ಉಳಿಸ್ತೀನಿ. ಬೇಡ ಅಂದ್ರೆ ಹೇಳಿ, ಈಗಲೇ ಫೋನ್ ಮಾಡಿ ಬರಬೇಡಿ ಅಂತೀನಿ."

ಫೋನನ್ನು ತೆಗೆದು ಬೆಂಚಿನ ಮೇಲಿಟ್ಟರು. ಯಾರೂ ಅದನ್ನು ಮುಟ್ಟಲಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು. ಮನೆಯಲ್ಲಿ ಅಕ್ಕಿ ಡಬ್ಬ ತಳ ಕಂಡಿರುವಾಗ ಸತ್ಯ ಹರಿಶ್ಚಂದ್ರನ ಪಾರ್ಟು ಮಾಡುವುದು ಕಷ್ಟ. ನಮ್ಮವರು ಮೆಲ್ಲಗೆ ಕೂತರು.

ಆಮೇಲೆ ನಡೆದದ್ದನ್ನು ನೆನೆದರೆ ನಗು ಬರುತ್ತದೆ. ಅತಿಥಿಗಳು ಬೆಳಿಗ್ಗೆಯೇ ಶೆಡ್ಡಿಗೆ ಬಂದುಬಿಟ್ಟರೆ ಕಷ್ಟ ಅಂತ ಅವರನ್ನು ಸಕ್ರೆಬೈಲಿಗೆ ಕರೆದುಕೊಂಡು ಹೋಗಿ ಆನೆ ಸ್ನಾನ ತೋರಿಸುವ ಏರ್ಪಾಡಾಯಿತು. ಇತ್ತ ಶಾಮಿಯಾನದವರಿಂದ ಜನರೇಟರ್ ಬಂತು. ಚಿಮಣಿಯ ಬುಡದಲ್ಲಿ ತೆಂಗಿನ ಸಿಪ್ಪೆ, ಎಣ್ಣೆ ಗೋಣಿಚೀಲ ಒಟ್ಟಿ ಹೊಗೆ ಎಬ್ಬಿಸಿದರು. ಪರಿಚಯದ ಇನ್ನೊಂದು ಶೆಡ್ಡಿನಿಂದ ಎರಕದ ಭಾಗಗಳನ್ನು ಸಾಲ ತಂದು, ಆಗಷ್ಟೇ ಅಚ್ಚಿನಿಂದ ತೆಗೆದದ್ದು ಅನ್ನಿಸಲಿ ಅಂತ ನನ್ನ ಇಡ್ಲಿ ಒಲೆಯ ಮೇಲೆ ಬಿಸಿ ಮಾಡಿದರು. ಕಬ್ಬಿಣಕ್ಕೆ ಇಡ್ಲಿ ಒಲೆ, ಕೇಳಿದ್ದೀರಾ ಎಲ್ಲಾದರೂ? ಕೊನೆಗೆ ದಿವಾಕರ್ ಸಾರ್ ಮೂಗೆತ್ತಿ ನೋಡಿ, "ಎಲ್ಲಾ ಇದೆ, ವಾಸನೆ ಇಲ್ಲ ಅಕ್ಕ" ಅಂದರು. ನಾನೇ ದೋಸೆ ಹಂಚು ಕಾಯಿಸಿ ಅದರ ಮೇಲೆ ಒಂದು ಚೊಂಬು ಕಾಕಂಬಿ ಸುರಿದೆ. ಬುಸ್ಸೆಂದು ಎದ್ದ ಆ ವಾಸನೆಗೆ ಶೆಡ್ಡಿನಲ್ಲಿದ್ದ ಗಂಡಸರೆಲ್ಲ ಒಂದು ಕ್ಷಣ ತಿರುಗಿ ನೋಡಿದರು. ಸುಳ್ಳು ಅಂತ ಗೊತ್ತಿದ್ದವರ ಕಣ್ಣಲ್ಲೂ ನೀರು ಬಂದಿತ್ತು.

ಕಾರು ಸೇತುವೆ ದಾಟಿತು ಅಂತ ಫೋನ್ ಬಂದದ್ದೇ ತಡ, ಸೈರನ್ ಹಾಕಿದರು. ಸರಿಯಾಗಿ ಎರಡು ಗಂಟೆ.

ಅಯ್ಯೋ, ಆ ಸದ್ದನ್ನು ಹೇಗೆ ಹೇಳಲಿ! ಅಷ್ಟು ತಿಂಗಳು ಸತ್ತು ಬಿದ್ದಿದ್ದ ಸೈರನ್ ಒಮ್ಮೆಗೇ ಬಾಯಿ ಬಿಟ್ಟಿತು. ಹೊರಗಿನ ಯಾರಿಗೂ ನಮ್ಮ ನಾಟಕದ ಸುದ್ದಿ ಗೊತ್ತಿರಲಿಲ್ಲ. ಹೆಂಗಸರು ಸೌಟು ಹಿಡಿದುಕೊಂಡೇ ಬೀದಿಗೆ ಓಡಿ ಬಂದರು. ತರಕಾರಿ ಗಾಡಿಯವನು ತಕ್ಕಡಿ ಬಿಟ್ಟು ಕೈ ಮುಗಿದ. "ಶುರುವಾಯ್ತು, ಶುರುವಾಯ್ತು" ಅಂತ ಯಾರೋ ಕೂಗಿಕೊಂಡು ಹೋದರು. ಕ್ಯಾಂಟೀನಿನ ಕಿಟಕಿಯಿಂದ ನೋಡುತ್ತಿದ್ದ ನನಗೆ ಮೊದಲ ಸಲ ಭಯವಾಯಿತು. ಇಷ್ಟು ಜನರಿಗೆ ಏನಂತ ಉತ್ತರ ಕೊಡುವುದು?

ಪುಣೆಯಿಂದ ಬಂದವರು ಇಬ್ಬರು. ಒಬ್ಬರು ಅಲ್ಲಿಯವರೇ, ಇನ್ನೊಬ್ಬರು ಹುಬ್ಬಳ್ಳಿ ಕಡೆಯ ಕನ್ನಡದವರು. ಹೊಗೆ ನೋಡಿದರು, ಬಿಸಿ ಎರಕ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡು ನಕ್ಕರು. ನಾನು ಟ್ರೇಯಲ್ಲಿ ಚಹಾ ಹಿಡಿದು ಹತ್ತಿರ ಬಂದಿದ್ದೆ. ಅಷ್ಟರಲ್ಲಿ ಗೇಟಿನಿಂದ ಪಳನಿಯಣ್ಣ ಬಂದ.

ಆಗಷ್ಟೇ ಊರಿಂದ ಬಂದು ಇಳಿದಿದ್ದ. ಸೈರನ್ ಅವನಿಗೆ ಯಾವತ್ತೂ ಸಂಗು, ಅಂದರೆ ಶಂಖ. ಸಂಗು ಊದಿದರೆ ಪ್ರಶ್ನೆ ಇಲ್ಲ, ಕಾಲು ತಾನೇ ನಡೆಯುತ್ತದೆ. ಖಾಕಿ ಸಮವಸ್ತ್ರ ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಮದುವೆ ಮನೆಯವನಿಗಿಂತ ಹೆಚ್ಚು ಕಳೆಯಾಗಿ ಬಂದಿದ್ದ. ಯಾರನ್ನೂ ಮಾತಾಡಿಸಲಿಲ್ಲ. ಫರ್ನೆಸ್ಸಿನ ಬಳಿಗೆ ಹೋಗಿ ಬಾಗಿಲು ಸರಿಸಿ ಇಣುಕಿ ನೋಡಿದ. ಕೈಯಿಟ್ಟು ನೋಡಿದ. ಆಮೇಲೆ ನಮ್ಮ ಕಡೆ ತಿರುಗಿ, ಎಂದಿನಂತೆ ಎದೆ ತುಂಬಿ ಕೂಗಿದ.

"ತಣ್ಣಗಿದೆ!"

ಮೂವತ್ತು ಜನ ನಿಂತಿದ್ದರು. ಒಬ್ಬರೂ "ಕೇಳ್ತು" ಅನ್ನಲಿಲ್ಲ. ಆ ಶೆಡ್ಡಿನಲ್ಲಿ ಅಂಥದ್ದು ಹಿಂದೆಂದೂ ಆಗಿರಲಿಲ್ಲ. ಪಳನಿಯಣ್ಣ ಕಾದ. ಇನ್ನೊಮ್ಮೆ ಕೂಗಿದ, ಇನ್ನೂ ಜೋರಾಗಿ.

"ಏನಂದ್ರೀ ಅವ್ರು?" ಅಂದರು ಹುಬ್ಬಳ್ಳಿಯವರು. "ತಣ್ಣಗದ ಅಂದ್ರಲ್ಲಾ, ಏನ್ ತಣ್ಣಗದ?"

ಮುಗಿಯಿತು ಅಂದುಕೊಂಡೆ. ದಿವಾಕರ್ ಸಾರ್ ಕನ್ನಡಕ ತೆಗೆದರು. ಅಂಗಿಯ ಅಂಚಿನಲ್ಲಿ ಒರೆಸಿದರು. ಪಳನಿಯಣ್ಣನ ಹತ್ತಿರ ಹೋಗಿ ಅವನ ಹೆಗಲ ಸುತ್ತ ಕೈ ಹಾಕಿ, ಮೆತ್ತನೆಯ ದನಿಯಲ್ಲಿ ಹೇಳಿದರು: "ಇವ್ರು ನಮ್ಮ ಹಳೇ ಫರ್ನೆಸ್ ಮಾಸ್ಟರ್ ಸಾರ್. ಹೆಂಡತಿ ಹೋದ್ಮೇಲೆ ಬುದ್ಧಿ ಸ್ವಾಧೀನದಲ್ಲಿಲ್ಲ. ಸೈರನ್ ಕೇಳಿದ್ರೆ ಬಂದ್ಬಿಡ್ತಾರೆ, ಏನೇನೋ ಕೂಗ್ತಾರೆ. ನಾವು ಯಾರೂ ತಡೆಯಲ್ಲ. ಇದು ಅವ್ರ ಮನೇನೇ ಅಲ್ವಾ? ಹೌದಲ್ಲ ಚಂದ್ರಣ್ಣ?"

ನಮ್ಮವರು ನೆಲ ನೋಡಿದರು. "ಹೌದು ಸಾರ್" ಅಂದರು.

ಒಬ್ಬ ಮನುಷ್ಯ ಎದುರಿಗೆ ನೆಟ್ಟಗೆ ನಿಂತಿದ್ದಾನೆ, ಅಲ್ಲಿದ್ದವರಲ್ಲಿ ನಿಜ ಹೇಳಿದವನು ಅವನೊಬ್ಬನೇ, ಅವನನ್ನೇ ಹುಚ್ಚ ಅಂದುಬಿಟ್ಟರು. ಅದೂ ಎಷ್ಟು ಪ್ರೀತಿಯಿಂದ! ಬೈದು ಹೊರಗೆ ದಬ್ಬಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಪಳನಿಯಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ನನ್ನ ಮುಖವನ್ನೂ ನೋಡಿದ. ಆಮೇಲೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಮಳೆಯಲ್ಲಿ ಹೊರಟು ಹೋದ.

ಹುಬ್ಬಳ್ಳಿಯವರ ಕಣ್ಣು ಒದ್ದೆಯಾಗಿತ್ತು. ಹೊರಡುವಾಗ ದಿವಾಕರ್ ಸಾರ್ ಕೈ ಹಿಡಿದುಕೊಂಡು, "ಮಷೀನು ಎಲ್ಲಾ ಕಡೆ ನೋಡೇವ್ರೀ. ಇಂಥಾ ಮನಷ್ಯಾರ್ನ ನೋಡಿಲ್ಲ" ಅಂದರು. ಎಂಟು ದಿನದೊಳಗೆ ಸಹಿ ಆಗಿ ಬಂತು. ನಿಜವಾದ ಸಹಿ.

ಆ ಸಂಜೆ ಊಟ ತೆಗೆದುಕೊಂಡು ಹೋದೆ. ಪಳನಿಯಣ್ಣ ಕತ್ತಲಲ್ಲೇ ಕೂತಿದ್ದ. ಅವನು ಕೇಳಿದ್ದು ಒಂದೇ ಮಾತು. "ಜನರೇಟರ್ ಸದ್ದಲ್ಲಿ ಕೇಳಿಸ್ಲಿಲ್ವಾಮ್ಮಾ ಅವರಿಗೆ?" ನಮ್ಮ ಪರವಾಗಿ ಅವನೇ ನೆಪ ಹುಡುಕಿದ್ದ. ನಾನು ತಟ್ಟೆ ಇಟ್ಟು ಮನೆಗೆ ಬಂದು ನಮ್ಮವರ ಮೇಲೆ ಹರಿಹಾಯ್ದೆ. "ನಾಲಿಗೆಗೆ ಏನಾಗಿತ್ತು ನಿಮ್ಗೆ? ದಿನಾ ನಮ್ಮನೇಲಿ ಉಣ್ಣೋ ಮನುಷ್ಯ!" ಅವರು ಗೋಡೆ ಕಡೆ ತಿರುಗಿ ಮಲಗಿದರು. "ಇಲ್ಲ ಅಂದಿದ್ರೆ ಮೂವತ್ತು ಮನೆ ಒಲೆ ಆರ್ತಿತ್ತು ಕಣೇ" ಅಂದರು.

ದಿವಾಕರ್ ಸಾರ್ ಹಣ್ಣು ತೆಗೆದುಕೊಂಡು ಹೋಗಿ ಅವನ ಕಾಲು ಹಿಡಿದರು. ಹಿಡಿದದ್ದು ನಿಜವಾಗಿಯೇ, ನಾನೇ ನೋಡಿದ್ದೇನೆ. ಆದರೆ ಸುಳ್ಳಿಗೂ ಹೊಟ್ಟೆ ಇರುತ್ತದಲ್ಲ, ದಿನಾ ಉಣ್ಣಿಸಬೇಕು. ಫರ್ನೆಸ್ ಉರಿಯಿತು, ಪುಣೆಯವರು ತಿಂಗಳು ತಿಂಗಳು ಬಂದು ಹೋಗುತ್ತಿದ್ದರು. ಹುಚ್ಚ ಅಂತ ಹೇಳಿದವನನ್ನು ಫರ್ನೆಸ್ ಮುಂದೆ ನಿಲ್ಲಿಸುವುದು ಹೇಗೆ? "ಸ್ವಲ್ಪ ದಿನ ಮನೇಲೇ ಇರಿ ಅಣ್ಣ, ಸಂಬಳ ಕಳಿಸ್ತೀನಿ" ಅಂದರು. ಒಂದು ತಿಂಗಳು ತೆಗೆದುಕೊಂಡ, ಆಮೇಲೆ ವಾಪಸು ಕಳಿಸಿದ. ಅವನ ಜಾಗದಲ್ಲಿ ಬೇರೆಯವನು ನಿಂತು "ಕಾದಿದೆ" ಅಂತ ಕೂಗುವುದು, ಮೂವತ್ತು ಜನ "ಕೇಳ್ತು" ಅನ್ನುವುದು ಅವನ ಜಗಲಿಗೇ ಕೇಳಿಸುತ್ತಿತ್ತು.

ಅಷ್ಟರಲ್ಲಿ ಅವನಿಗೆ ಹುಚ್ಚು ಅನ್ನುವ ಮಾತು ಕೇರಿಗೆ ಹಬ್ಬಿಯಾಗಿತ್ತು. ಸೈರನ್ ಆದರೆ ಮಕ್ಕಳು ಅವನ ಬಾಗಿಲ ಮುಂದೆ ಓಡಿ ಬಂದು "ತಣ್ಣಗಿದೆ, ತಣ್ಣಗಿದೆ" ಅಂತ ಕೂಗಿ ಕೇಕೆ ಹಾಕುತ್ತಿದ್ದವು. ದಸರಾ ಕಳೆದ ಮೇಲೆ ಒಂದು ದಿನ ಅವನು ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ನಾನು ರೊಟ್ಟಿ ಬೇಯಿಸುತ್ತಿದ್ದೆ. ಹಂಚಿನಿಂದ ಹೊಗೆ ಏಳುತ್ತಿತ್ತು. "ಗಿರಿಜಾಮ್ಮಾ, ಅದು ಬಿಸಿ ಇದೆಯಲ್ಲ?" ಅಂದ. ತಮಾಷೆ ಅಂದುಕೊಂಡೆ. ಮುಖ ನೋಡಿದೆ, ತಮಾಷೆ ಆಗಿರಲಿಲ್ಲ. ಅವನಿಗೆ ನಿಜಕ್ಕೂ ಯಾರಾದರೂ ಹೇಳಬೇಕಿತ್ತು. ನಲವತ್ತು ವರ್ಷ ಬೆಂಕಿಯ ಮುಂದೆ ನಿಂತ ಮನುಷ್ಯ! "ಬಿಸಿ ಇದೆ ಅಣ್ಣ, ಬಿಸಿ ಇದೆ" ಅಂತ ಅತ್ತುಬಿಟ್ಟೆ. ಆ ವಾರವೇ ತಂಗಿ ಬಂದು ಅವನನ್ನು ಸೇಲಂಗೆ ಕರೆದುಕೊಂಡು ಹೋದಳು. ಎರಡು ವರ್ಷದ ಮೇಲೆ ಹೋಗಿಬಿಟ್ಟ ಅಂತ ಫೋನ್ ಬಂತು.

ನಮಗೆ ಏನು ಕಡಿಮೆಯಾಯಿತು? ಮಗಳ ಮದುವೆ ಆಯಿತು, ಈ ಮೆಸ್ಸು ಆಯಿತು. ಎಲ್ಲಾ ಆ ಶೆಡ್ಡಿನ ಅನ್ನ. ಅದಕ್ಕೇ ದಿವಾಕರ್ ಸಾರ್ ಅವರನ್ನು ಬೈಯಲು ಬಾಯಿ ಬರುವುದಿಲ್ಲ. ಭಾಷಣಕ್ಕೆ ಹೋಗುವುದಿಲ್ಲ ಅಂದಿದ್ದವಳು, ಆ ದಿನ ನಮ್ಮವರ ಮುಖ ನೋಡಿ ಸೀರೆ ಉಟ್ಟು ಹೊರಟೆ.

ಸಭಾಂಗಣದ ತುಂಬ ಕಾಲೇಜು ಮಕ್ಕಳು. ನಮ್ಮ ಹಳೆಯ ಬ್ಯಾಚಿನವರು ಅಲ್ಲಲ್ಲಿ ಚದುರಿ ಕೂತಿದ್ದರು. ದಿವಾಕರ್ ಸಾರ್ ತಲೆ ನರೆತಿತ್ತು, ದನಿ ಹಾಗೆಯೇ ಇತ್ತು. ಕನಸು ಕಾಣುವವನಿಗೆ ಧೈರ್ಯ ಬೇಕು ಅಂತ ಶುರು ಮಾಡಿ, ಆ ದಿನದ ಕತೆಯನ್ನೆಲ್ಲ ಹೇಳಿದರು. ಏನೂ ಮುಚ್ಚಿಡಲಿಲ್ಲ. ತೆಂಗಿನ ಸಿಪ್ಪೆಯ ಹೊಗೆ, ಇಡ್ಲಿ ಒಲೆ, ಕಾಕಂಬಿ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ, "ಆವತ್ತು ಇನ್ನೊಂದು ಘಟನೆ ಆಯ್ತು. ನಮ್ಮಲ್ಲಿ ಪಳನಿ ಅಂತ ಒಬ್ರು ಹಿರಿಯರಿದ್ರು. ಪಾಪ, ಹೆಂಡತಿ ಹೋದ ದುಃಖಕ್ಕೆ ಬುದ್ಧಿ ಸ್ವಾಧೀನ ತಪ್ಪಿತ್ತು. ನಡುವೆ ಬಂದು ಏನೇನೋ ಕೂಗಿಬಿಟ್ರು. ಆದ್ರೆ ನಾವು ಅವ್ರನ್ನ ಹೊರಗೆ ಕಳಿಸ್ಲಿಲ್ಲ" ಅಂದರು.

ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಹಿಂದೆ ಎರಡು ಸಲವೂ ಸುಳ್ಳಿಗೆ ಮೊದಲು ಕನ್ನಡಕ ತೆಗೆದ ಕೈ ಈ ಸಲ ಅದರ ಹತ್ತಿರ ಹೋಗಲಿಲ್ಲ. ದನಿ ನಡುಗುತ್ತಿತ್ತು, ಕಣ್ಣಲ್ಲಿ ನೀರಿತ್ತು, ಕನ್ನಡಕ ಮಾತ್ರ ಮೂಗಿನ ಮೇಲೇ ಇತ್ತು. ದೇವರೇ, ಈ ಮನುಷ್ಯ ಈಗ ಸುಳ್ಳು ಹೇಳುತ್ತಿಲ್ಲ! ಅದೇ ನಿಜ ಅಂತ ನಂಬಿಬಿಟ್ಟಿದ್ದಾನೆ. ಪಳನಿಯಣ್ಣನ ಬುದ್ಧಿ ನೆಟ್ಟಗಿತ್ತು ಅನ್ನುವುದು ಈಗ ಅವನ ತಲೆಯಲ್ಲೂ ಉಳಿದಿಲ್ಲ.

ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. ಎದೆಯಿಂದ ಕೂಗು ಬಂತು.

"ತಣ್ಣಗಿತ್ತು! ಫರ್ನೆಸ್ ತಣ್ಣಗಿತ್ತು!"

ಇಡೀ ಸಭೆ ತಿರುಗಿ ನೋಡಿತು. ಬ್ಯಾಡ್ಜು ಹಾಕಿಕೊಂಡ ಹುಡುಗಿಯೊಬ್ಬಳು ನೀರಿನ ಬಾಟ್ಲಿ ಹಿಡಿದು ಓಡಿ ಬಂದಳು. "ಕೂತ್ಕೊಳ್ಳಿ ಅಮ್ಮ, ಏನಾಗಲ್ಲ, ನೀರು ಕುಡೀರಿ" ಅಂತ ನನ್ನ ಬೆನ್ನು ಸವರಿದಳು. ವೇದಿಕೆಯಿಂದ ದಿವಾಕರ್ ಸಾರ್ ಕಣ್ಣು ಕಿರಿದು ಮಾಡಿ ನೋಡಿದರು. "ಗಿರಿಜಕ್ಕನಾ? ನಮ್ಮ ಕ್ಯಾಂಟೀನ್ ಅಕ್ಕ ಇವ್ರು" ಅಂತ ಮಕ್ಕಳಿಗೆ ಹೇಳಿದರು, ಅದೇ ಮೆತ್ತನೆಯ ದನಿ. "ವಯಸ್ಸಾಯ್ತು, ಪಾಪ. ಹಳೇದೆಲ್ಲ ನೆನಪಾಗಿ ಮನಸ್ಸು ತಡೀಲಿಲ್ಲ ಅನ್ಸುತ್ತೆ. ಹೌದಲ್ಲ ಚಂದ್ರಣ್ಣ? ಸ್ವಲ್ಪ ನೋಡ್ಕೊಳ್ಳಿ."

ಸುತ್ತಲಿನವರೆಲ್ಲ ಮರುಕದಿಂದ ನನ್ನನ್ನು ನೋಡುತ್ತಿದ್ದರು. ಪಳನಿಯಣ್ಣ ಆವತ್ತು ಕಂಡ ಮುಖಗಳು ಇವೇ. ನಮ್ಮವರು ಎದ್ದು ನನ್ನ ಮೊಣಕೈ ಹಿಡಿದುಕೊಂಡರು. ಸರಿ, ಹೊರಗೆ ಕರೆದುಕೊಂಡು ಹೋಗುತ್ತಾರೆ ಅಂದುಕೊಂಡೆ. ಹೆಜ್ಜೆ ಕೀಳಲಿಲ್ಲ. ವೇದಿಕೆಯ ಕಡೆ ಮುಖ ಮಾಡಿ, ಶೆಡ್ಡಿನಲ್ಲಿ ಕೂಗುತ್ತಿದ್ದ ದನಿಯಲ್ಲಿ ಅಂದರು:

"ಕೇಳ್ತು!"

ಹಿಂದಿನ ಸಾಲಿನಿಂದ ಇನ್ನೊಂದು ಮುದಿ ದನಿ ಬಂತು, "ಕೇಳ್ತು." ಕಿಟಕಿಯ ಬಳಿಯಿಂದ ಮತ್ತೊಂದು. ಮಕ್ಕಳು ಏನೂ ಅರ್ಥವಾಗದೆ ಒಮ್ಮೆ ಅವರನ್ನು, ಒಮ್ಮೆ ವೇದಿಕೆಯನ್ನು ನೋಡಿದರು.

ದಿವಾಕರ್ ಸಾರ್ ಮೆಲ್ಲಗೆ ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ಒರೆಸತೊಡಗಿದರು.